ಮೂಗು ಸಾರ್

ನಾನು ನಿಂತಿದ್ದುದು ಬಾವಿಕಟ್ಟೆಗೂ ಅರಳಿಮರದ ಬುಡದ ನಾಗರಕಲ್ಲುಗಳಿಗೂ ನಡುವೆ, ಖಾಲಿ ನೀಲಿ ಡ್ರಮ್ಮೊಂದರ ಮೇಲೆ ಎಡಗೈ ಊರಿಕೊಂಡು. ಹಲಸೂರಿನ ಮಾರುಕಟ್ಟೆಯ ಹಿಂದಿನ ನಮ್ಮ ಗಲ್ಲಿ ರಾಜಕಾಲುವೆಗೆ ಬಂದು ಮುಗಿಯುವ ತುದಿಯಲ್ಲಿ ಆ ಬಾವಿಯಿದೆ. ಮೂರು ಬೇಸಿಗೆಯ ಹಿಂದೆ, ಯುಗಾದಿ ಕಳೆದ ಮೊದಲ ಸೋಮವಾರ; ಬೆಳಿಗ್ಗೆ ಹತ್ತೂವರೆ ದಾಟಿತ್ತು. ನಾನು ನಿಂತಲ್ಲಿಂದ ಬಾವಿಯ ತಳ ಕಾಣುತ್ತಿರಲಿಲ್ಲ. ಕಬ್ಬಿಣದ ಏಣಿಯ ಮೇಲಿನ ತುದಿ ಕಾಣುತ್ತಿತ್ತು. ಒಳಗಿನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅಂದು ಅಲ್ಲಿ ಇಲ್ಲದವರು ಕೂಡ ಇಂದು ಕಣ್ಣಾರೆ ಕಂಡವರ ಹಾಗೆ ಮಾತಾಡುತ್ತಿದ್ದಾರೆ.

ಮೂಗು ಸಾರ್ ಕಳೆದ ತಿಂಗಳು ಜೀವನ್ ಬಿಮಾ ನಗರದ ಮಗಳ ಮನೆಯಲ್ಲಿ ತೀರಿಕೊಂಡರು. ಹೃದಯದ ಕಾಯಿಲೆ. ಗಲ್ಲಿಯ ನಿವಾಸಿಗಳ ಸಂಘದ ಕೊಠಡಿಯಲ್ಲಿ ಸಂತಾಪ ಸಭೆ ಇಟ್ಟಿದ್ದರು. ಸಂಘದ ಅಧ್ಯಕ್ಷರು ಫೋಟೋಗೆ ಹಾರ ಹಾಕಿ, ಬಹಳ ಶಿಸ್ತಿನ ಮನುಷ್ಯ, ನೇರ ನುಡಿ ಎಂದೆಲ್ಲ ಹೇಳಿದರು. ಆಮೇಲೆ ದನಿ ತಗ್ಗಿಸಿ, "ಸತ್ತೋರ ಬಗ್ಗೆ ಅನ್ಬಾರ್ದು. ಆದ್ರೆ ಆವತ್ತು ಅವರು ಅಡ್ಡ ಬೀಳದೇ ಇದ್ದಿದ್ರೆ ಒಂದು ಜೀವ ಆದ್ರೂ ಉಳೀತಿತ್ತೇನೋ" ಎಂದರು. ಕುಳಿತವರಲ್ಲಿ ಕೆಲವರು ತಲೆಯಾಡಿಸಿದರು. ಮುಂದಿನ ಸಾಲಿನಲ್ಲಿದ್ದ ಮಗಳು ಎದ್ದು ಹೊರಗೆ ಹೋದರು.

ನನಗೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ಕಾಯದೆ ಬರೆಯುತ್ತಿದ್ದೇನೆ. ತಂದೆಯ ಹೆಸರನ್ನು ಬರೆಯಬೇಡಿ ಎಂದು ಮಗಳು ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ಹೇಗಿದ್ದರೂ ನಮ್ಮ ಗಲ್ಲಿಯಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆದವರಲ್ಲ.

ಒಂದು ಕಾರ್ಖಾನೆಯ ಸುರಕ್ಷತಾ ವಿಭಾಗದಿಂದ ನಿವೃತ್ತರಾಗಿ ಅವರು ನಮ್ಮ ಎದುರು ಮನೆಗೆ ಬಂದಿದ್ದರು. ಎಲ್ಲೇ ಗುಂಡಿ ತೋಡಲಿ, ನೀರಿನ ಸಂಪು ತೊಳೆಯಲಿ, ಮ್ಯಾನ್‌ಹೋಲ್ ಮುಚ್ಚಳ ಎತ್ತಲಿ, ಅಲ್ಲಿಗೆ ಇವರು ಹಾಜರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಭುಜದ ಮೇಲೆ ಸುರುಳಿ ಸುತ್ತಿದ ಹಗ್ಗ. "ಯಾರಪ್ಪಾ ಒಳಗಿರೋದು? ಹಗ್ಗ ಎಲ್ಲಿ? ಮೇಲೆ ಯಾರು ನಿಂತಿದ್ದೀರ?" ಎಂದು ಶುರು ಮಾಡುತ್ತಿದ್ದರು. ಎಲ್ಲದಕ್ಕೂ ಮೂಗು ತೂರಿಸುತ್ತಾರೆಂದು ಯಾರೋ 'ಮೂಗು ಸಾರ್' ಎಂದರು. ಅದೇ ನಿಂತಿತು.

ಅವರು ಪ್ರೀತಿ ಹುಟ್ಟಿಸುವ ಮನುಷ್ಯ ಆಗಿರಲಿಲ್ಲ. ಇದನ್ನೂ ಹೇಳಬೇಕು. ನಗುತ್ತಿದ್ದುದು ಕಡಿಮೆ. ಮಾತಿನ ನಡುವೆ ಇನ್ನೊಬ್ಬರನ್ನು ತಡೆದು ತಿದ್ದುತ್ತಿದ್ದರು. ಮದುವೆ ಮನೆಯೊಂದರಲ್ಲಿ ಚಪ್ಪರದ ದಿನ ಸಂಪು ತೊಳೆಯಲು ಆಳು ಇಳಿಯುತ್ತಿದ್ದಾಗ ತಡೆದು, ಮುಚ್ಚಳ ತೆರೆದು ಫ್ಯಾನಿಟ್ಟು ಗಾಳಿ ಆಡಿಸುವವರೆಗೂ ಬಿಡಲಿಲ್ಲ. ಹೆಣ್ಣಿನ ತಂದೆ ಕೈಮುಗಿದರು. ಇವರು ತಾವೂ ಕೈಮುಗಿದು, "ನಿಮ್ ಮಗಳ ಮದುವೆ ನಾಳೆ ಆಗುತ್ತೆ. ಈ ಮನುಷ್ಯ ಸತ್ರೆ ಅದೂ ಆಗಲ್ಲ" ಅಂದುಬಿಟ್ಟರು. ಶುಭಕಾರ್ಯದ ಮನೆಯಲ್ಲಿ ಅಂಥ ಮಾತು! ಆ ಮನೆಯವರು ಕೊನೆಯವರೆಗೂ ಅವರೊಂದಿಗೆ ಮಾತಾಡಲಿಲ್ಲ.

ಆಳಿನ ಸೊಂಟಕ್ಕೆ ತಾವೇ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಇಳಿದವನು ಕೆಲಸ ಮುಗಿಯುವವರೆಗೂ ಬಾಯಿ ಮುಚ್ಚಬಾರದು. ಮಾತು ನಿಂತರೆ ಕಾರಣ ಕೇಳದೆ ಹಗ್ಗ ಎಳೆಯಬೇಕು. ಇದು ಅವರ ಕಟ್ಟಳೆ. ಒಮ್ಮೆ ಒಬ್ಬ ಒಳಗಿನಿಂದ, "ಏನ್ ಮಾತಾಡ್ಲಿ ಸಾರ್? ಏನೂ ತೋಚ್ತಿಲ್ಲ" ಎಂದ.

"ಮದುವೆ ಆಗಿದೆಯೇನಯ್ಯಾ?"

"ಆಗಿದೆ ಸಾರ್."

"ಹಂಗಾದ್ರೆ ನಿಮ್ಮತ್ತೆ ವಿಷಯ ಹೇಳು."

ಅವನು ಸಂಪು ತೊಳೆದು ಮುಗಿಸುವವರೆಗೂ ಅತ್ತೆಯ ವಿಷಯ ಹೇಳಿದ. ಕೇಳುವುದಕ್ಕೆ ಗಲ್ಲಿಯೇ ಸೇರಿತು. ಹೂವಿನ ಸೆಲ್ವಿ ಅಕ್ಕ ಬುಟ್ಟಿ ಇಳಿಸಿ ಕೂತು, "ಅಯ್ಯಯ್ಯೋ, ಇನ್ನೊಂದು ಸಂಪು ತೊಳ್ಸಿ ಸಾರ್, ಕಥೆ ಪಾತಿಲೇ, ಅರ್ಧಕ್ಕೇ ನಿಂತೋಯ್ತು" ಎಂದರು. ಮೂಗು ಸಾರ್ ನಕ್ಕಿದ್ದನ್ನು ನಾನು ಕಂಡ ಕೆಲವೇ ಸಲಗಳಲ್ಲಿ ಅದೂ ಒಂದು.

ಆ ಮೂಗಿಗೆ ವಾಸನೆ ತಿಳಿಯುವುದಿಲ್ಲ ಎಂಬುದನ್ನು ಕಂಡುಹಿಡಿದವರೂ ಸೆಲ್ವಿ ಅಕ್ಕನೇ. ಹಲಸೂರು ಕೆರೆಯಲ್ಲಿ ಮೀನು ಸತ್ತು ತೇಲಿದ ಒಂದು ಬೆಳಿಗ್ಗೆ ನಾವೆಲ್ಲ ಮೂಗಿಗೆ ಬಟ್ಟೆ ಹಿಡಿದು ನಡೆಯುತ್ತಿದ್ದೆವು. ಇವರು ದಂಡೆಯ ಕಡೆ ಮುಖ ಮಾಡಿ ನಿಂತು ನಿಧಾನವಾಗಿ ಟೀ ಕುಡಿಯುತ್ತಿದ್ದರು. ಅಕ್ಕ ಒಂದು ಮೊಳ ಮಲ್ಲಿಗೆಯನ್ನು ಅವರ ಮುಖದ ಹತ್ತಿರ ಹಿಡಿದು, "ವಾಸನೆ ಹೆಂಗಿದೆ ಸಾರ್?" ಎಂದು ಕೇಳಿದರು.

"ನೀನು ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ ಕಣಮ್ಮಾ. ನನಗೆ ಮೂಗು ಹೋಗಿ ಬಹಳ ವರ್ಷ ಆಯ್ತು."

ಅದು ಹೇಗೆ ಹೋಯಿತೆಂದು ನನಗೆ ಒಮ್ಮೆ ಮಾತ್ರ ಹೇಳಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾರ್ಖಾನೆಯ ಕೊಳಚೆ ತೊಟ್ಟಿಯೊಂದಕ್ಕೆ ಇವರೂ ಇನ್ನೊಬ್ಬರೂ ಇಳಿದಿದ್ದರಂತೆ. ಕೊಳೆತ ಮೊಟ್ಟೆಯ ನಾತ. ಸ್ವಲ್ಪ ಹೊತ್ತಿಗೆ ಜೊತೆಗಾರ, "ಸದ್ಯ, ವಾಸನೆ ಹೋಯ್ತು" ಎಂದನಂತೆ. ಹೋಗಿದ್ದುದು ವಾಸನೆಯಲ್ಲ, ಅವರಿಬ್ಬರ ಮೂಗು. ಆ ವಿಷಗಾಳಿ ಕಡಿಮೆ ಇದ್ದಾಗ ನಾರುತ್ತದೆ. ಹೆಚ್ಚಾದಾಗ ಮೊದಲು ಮೂಗನ್ನು ಸಾಯಿಸುತ್ತದೆ, ಆಮೇಲೆ ಮನುಷ್ಯನನ್ನು. ಇವರನ್ನು ಮೇಲೆಳೆದರು. ಜೊತೆಗಾರನನ್ನೂ ಎಳೆದರು, ಆದರೆ ಅವನಲ್ಲಿ ಉಸಿರಿರಲಿಲ್ಲ. ಇವರಿಗೆ ಉಸಿರು ಉಳಿಯಿತು, ಮೂಗು ವಾಪಸು ಬರಲಿಲ್ಲ.

"ವಾಸನೆ ಬರ್ತಿದೆ ಅಂದ್ರೆ ಇನ್ನೂ ಟೈಮ್ ಇದೆ ಅಂತ. ವಾಸನೆ ಹೋಯ್ತು ಅಂದ್ರೆ ಓಡ್ಬೇಕು ಅಂತ." ಇದನ್ನು ಅವರು ಗಲ್ಲಿಯಲ್ಲಿ ಎಷ್ಟು ಜನಕ್ಕೆ ಹೇಳಿದ್ದರೋ ಲೆಕ್ಕವಿಲ್ಲ. ಎಲ್ಲರಿಗೂ ಬಾಯಿಪಾಠವಾಗಿತ್ತು. ಮಕ್ಕಳು ಅವರ ದನಿಯಲ್ಲೇ ಅಣಕಿಸುತ್ತಿದ್ದರು.

ಆ ಬೇಸಿಗೆ ಗಲ್ಲಿಯ ಕೊಳವೆಬಾವಿಗಳೆಲ್ಲ ಬತ್ತಿದವು. ಟ್ಯಾಂಕರಿಗೆ ಜನ ಬೀದಿಯಲ್ಲಿ ಜಗಳವಾಡುತ್ತಿದ್ದರು. ಬೋರ್ ಲಾರಿ ಒಳಗೆ ಬರುವಷ್ಟು ನಮ್ಮ ಗಲ್ಲಿ ಅಗಲವಿಲ್ಲ. ಹಳೆಯ ಬಾವಿಯೊಳಗೇ ಸಣ್ಣ ಯಂತ್ರ ಇಳಿಸಿ, ಅದರ ತಳದಿಂದ ಬೋರ್ ಕೊರೆಸೋಣ ಎಂದು ಸಂಘ ತೀರ್ಮಾನಿಸಿತು. ಆ ಸಭೆಯಲ್ಲಿ ನಾನಿದ್ದೆ. ಮೂಗು ಸಾರ್ ಎದ್ದು ನಿಂತು ಹೇಳಿದ್ದು ಇಷ್ಟು: ರಾಜಕಾಲುವೆಯ ಕೊಳಚೆ ಎಷ್ಟೋ ವರ್ಷದಿಂದ ಆ ನೆಲಕ್ಕೆ ಇಂಗಿದೆ. ಅದನ್ನು ಕೊರೆದರೆ ಒಳಗೆ ಕಟ್ಟಿಕೊಂಡ ಗಾಳಿ ಬಿಡುಗಡೆಯಾಗುತ್ತದೆ. ಗಾಳಿ ಅಳೆಯುವ ಮೀಟರ್ ಬಾಡಿಗೆಗೆ ತನ್ನಿ. ತಳದವರೆಗೆ ಗಾಳಿ ನೂಕುವ ಬ್ಲೋವರ್ ಹಾಕಿ. ಹಗ್ಗವಿಲ್ಲದೆ ಯಾರನ್ನೂ ಇಳಿಸಬೇಡಿ. ಆ ಗಾಳಿ ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ, ಆದ್ದರಿಂದ ಕೊರೆಯುವ ದಿನ ಬಾವಿ ಪಕ್ಕದ ಕೋಣೆಗಳನ್ನು ಖಾಲಿ ಮಾಡಿಸಿ.

ಆ ಕೋಣೆಗಳ ವಿಷಯ ಹೇಳಬೇಕು. ಪ್ರತಿ ಸಲ ಡಾಂಬರು ಹಾಕುವಾಗ ಹಳೆಯ ರಸ್ತೆಯನ್ನು ಕೆರೆಯದೆ ಅದರ ಮೇಲೇ ಹಾಕಿ ಹಾಕಿ, ನಮ್ಮಲ್ಲಿ ರಸ್ತೆ ಏರಿದೆ, ಮನೆಗಳು ತಗ್ಗಾಗಿವೆ. ಬಾವಿಯ ಗೋಡೆಗೆ ಅಂಟಿದ ಬಾಡಿಗೆ ಕೋಣೆಗಳಿಗೆ ಈಗ ಮೆಟ್ಟಿಲಿಳಿದು ಹೋಗಬೇಕು. ಅಲ್ಲಿರುವವರು ಯಾದಗಿರಿ, ರಾಯಚೂರು ಕಡೆಯಿಂದ ಬಂದ ಕೂಲಿ ಸಂಸಾರಗಳು. ಕೊನೆಯ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡ ನೂರ್‌ಜಹಾನ್ ಆಪಾ.

ಅಧ್ಯಕ್ಷರು ಕೇಳಿಸಿಕೊಂಡು ಸಭೆಯ ಕಡೆ ತಿರುಗಿದರು. "ನೋಡ್ರಪ್ಪಾ, ಮೂಗೇ ಇಲ್ದೋರು ನಮಗೆ ವಾಸನೆ ಪಾಠ ಮಾಡ್ತಾವ್ರೆ!"

ಇಡೀ ಸಭೆ ನಕ್ಕಿತು. ಆ ನಗುವಿನಲ್ಲೇ ವಿಷಯ ಮುಗಿಯಿತು. ಮೀಟರ್ ಬರಲಿಲ್ಲ, ಬ್ಲೋವರ್ ಬರಲಿಲ್ಲ.

ಭಾನುವಾರ ಸಂಜೆ ಯಂತ್ರ ಕಪ್ಪು ಕೆಸರಿಗೆ ತಾಗಿತು. ಕೊಳೆತ ಮೊಟ್ಟೆಯ ನಾತ ಗಲ್ಲಿ ತುಂಬ ಹಬ್ಬಿತು. ಕೊರೆಯುವ ಸರಳು ನೆಲದಲ್ಲಿ ಸಿಕ್ಕಿಕೊಂಡಿತು. ಕೆಲಸ ನಿಲ್ಲಿಸಿ ಎಲ್ಲರೂ ಮೇಲೆ ಬಂದರು.

ಸೋಮವಾರ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಮೂಗು ಸಾರ್ ತಗ್ಗಿನ ಕೋಣೆಗಳ ಬಾಗಿಲು ಬಡಿಯುತ್ತಿದ್ದರು. "ಎದ್ದೇಳಿ, ಮಕ್ಕಳನ್ನ ಎತ್ಕೊಳ್ಳಿ, ಮೇನ್ ರೋಡಿಗೆ ನಡೀರಿ. ಒಲೆ ಹಚ್ಚಬೇಡಿ!" ರಾತ್ರಿ ಪಾಳಿ ಮುಗಿಸಿ ಮಲಗಿದವರು ಬೈದರು. ಒಬ್ಬಳು ಅರ್ಧ ಬೆಂದ ಅನ್ನದ ಪಾತ್ರೆಯನ್ನೇ ಎತ್ತಿಕೊಂಡು ಬಂದಳು. ಆಪಾ ಹೊಲಿಗೆ ಯಂತ್ರ ಬಿಟ್ಟು ಬರಲು ಒಪ್ಪಲಿಲ್ಲ.

"ಕ್ಯಾ ಸಾಬ್, ದಿನಾ ಇದೇ ನಿಮ್ದು! ಮಧ್ಯಾಹ್ನಕ್ಕೆ ಮೂರು ಬ್ಲೌಸ್ ಕೊಡ್ಬೇಕು ನಾನು. ನಕ್ಕೋ, ಬೇಡ, ಬರಲ್ಲ."

ಮೂಗು ಸಾರ್ ಹೊಲಿಗೆ ಯಂತ್ರವನ್ನೇ ಎತ್ತಿದರು. ಎಪ್ಪತ್ತರ ಹತ್ತಿರದ ಮನುಷ್ಯ. ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವುದನ್ನು ಕಂಡು ನಾನೊಂದು ಕಡೆ ಹಿಡಿದೆ. ಆಪಾ ಹಿಂದೆ ಬೈದುಕೊಂಡೇ ಬಂದರು. ನಾವು ಅದನ್ನು ಮೇನ್ ರೋಡಿನಲ್ಲಿ ಇಳಿಸಿ ಬಾವಿಯ ಹತ್ತಿರ ಬಂದಾಗ ಬೋರ್ ಮೇಸ್ತ್ರಿ ಒಂದು ಹಗ್ಗಕ್ಕೆ ದೀಪ ಕಟ್ಟಿ ಬಾವಿಗೆ ಇಳಿಸುತ್ತಿದ್ದ.

"ಪಾರುಂಗ ಸಾರ್, ನೋಡಿ, ದೀಪ ಚೆನ್ನಾಗಿ ಉರೀತಿದೆ. ಗ್ಯಾಸ್ ಇಲ್ಲ."

"ದೀಪಕ್ಕೆ ಶ್ವಾಸಕೋಶ ಇದೆಯೇನಯ್ಯಾ? ಆಮ್ಲಜನಕ ಇದ್ರೆ ಅದು ಉರಿಯುತ್ತೆ. ವಿಷ ಇದ್ರೂ ಉರಿಯುತ್ತೆ. ಬೆಂಕಿ ತಗಿ ಮೊದಲು, ಗ್ಯಾಸ್ ಹತ್ಕೊಂಡ್ರೆ ಗತಿ ಏನು?"

ಮೇಸ್ತ್ರಿ ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಗಡಿಯಾರ ನೋಡಿದರು. ಆ ಹೊತ್ತಿಗೆ ಮೇಸ್ತ್ರಿಯ ಜೊತೆ ಕೆಲಸಕ್ಕೆ ಬಂದಿದ್ದ ಯಾದಗಿರಿಯ ಅಣ್ಣತಮ್ಮಂದಿರಲ್ಲಿ ತಮ್ಮ ಶರಣಪ್ಪ ಏಣಿಗೆ ಕಾಲಿಟ್ಟಾಗಿತ್ತು. ಸಿಕ್ಕಿಕೊಂಡ ಸರಳನ್ನು ಬಿಡಿಸಬೇಕಿತ್ತು. ಮೂಗು ಸಾರ್ ಹಗ್ಗ ಹಿಡಿದು ಓಡಿದರು. ಅಧ್ಯಕ್ಷರು ಅವರ ಮುಂಗೈ ಹಿಡಿದು ನಿಲ್ಲಿಸಿದರು. "ಹಗ್ಗ ಕಟ್ಕೊಂಡ್ರೆ ಸ್ಪ್ಯಾನರ್ ತಿರುಗ್ಸಕ್ಕಾಗಲ್ಲ ಸಾರ್. ಎರಡು ನಿಮಿಷದ ಕೆಲಸ, ಬಿಡಿ." ಇದನ್ನು ನಾನು ಕಂಡೆ, ಕೇಳಿದೆ. ಯಾರು ಯಾರನ್ನು ತಡೆದರು ಎಂದು ಕೇಳುವವರು ಮೊದಲು ಇದನ್ನು ಕೇಳಬೇಕು.

ಮೂಗು ಸಾರ್ ಕಟ್ಟೆಗೆ ಬಗ್ಗಿ ಕೂಗಿದರು. "ಮಾತಾಡ್ತಾ ಇರಪ್ಪಾ! ಬಾಯಿ ಮುಚ್ಚಬೇಡ!"

"ಏನ್ ನಾರತದ್ರಿ ಸಾರ್ ಇಲ್ಲಿ!" ಶರಣಪ್ಪನ ದನಿ ನಗುತ್ತಿತ್ತು. "ನಮ್ಮೂರ ತಿಪ್ಪಿ ಚಲೋರಿ ಇದಕ್ಕಿಂತ."

ಮೇಲೆ ಇದ್ದವರೂ ನಕ್ಕರು. ಸ್ಪ್ಯಾನರ್ ಕಬ್ಬಿಣಕ್ಕೆ ತಾಗುವ ಸದ್ದು ಕೇಳಿತು. ಆಮೇಲೆ ಶರಣಪ್ಪ ಹೇಳಿದ:

"ಸಾರ್, ವಾಸನಿ ಹೋಯ್ತ್ರಿ. ಈಗ ಆರಾಮ ಅದ."

ನನ್ನ ಪಕ್ಕದಲ್ಲಿದ್ದವರು ಯಾರೋ "ಅಬ್ಬಾ" ಎಂದರು. ಅಧ್ಯಕ್ಷರು, "ನೋಡಿದ್ರಾ?" ಎಂದರು. ಶರಣಪ್ಪನ ಆ ಮಾತಿನ ಅರ್ಥ ನಮ್ಮ ಗಲ್ಲಿಯ ಮಕ್ಕಳಿಗೂ ಬಾಯಿಪಾಠವಾಗಿತ್ತು. ಆದರೂ ಅಲ್ಲಿ ನಿಂತಿದ್ದವರಲ್ಲಿ ಅದನ್ನು ಕೆಟ್ಟ ಸುದ್ದಿಯೆಂದು ಕೇಳಿಸಿಕೊಂಡವರು ಒಬ್ಬರೇ.

"ಮೇಲೆ ಬಾ! ಬಿಟ್ಟು ಮೇಲೆ ಬಾರೋ! ಎಳೀರಿ ಅವನನ್ನ!"

ಎಳೆಯಲು ಹಗ್ಗವಿರಲಿಲ್ಲ. ಹಗ್ಗ ಅವರ ಕೈಯಲ್ಲೇ ಇತ್ತು. ಒಳಗೆ ಸ್ಪ್ಯಾನರ್ ಬಿದ್ದ ಸದ್ದಾಯಿತು. ಆಮೇಲೆ ಭಾರವಾದದ್ದೇನೋ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ.

ಮೇಸ್ತ್ರಿ ಟವೆಲ್ಲನ್ನು ಬಕೆಟ್ಟಿನ ನೀರಿಗೆ ಅದ್ದಿ ಮೂಗಿಗೆ ಕಟ್ಟಿಕೊಂಡು ಏಣಿಗೆ ಹಾರಿದ. "ಬೇಡ, ಬಟ್ಟೆಯಿಂದ ಅದು ನಿಲ್ಲಲ್ಲ!" ಎಂದು ಮೂಗು ಸಾರ್ ಕೂಗುತ್ತಲೇ ಇದ್ದರು. ಏಣಿಯ ತುದಿ ಅಲುಗಾಡುವುದನ್ನು ನಾನು ನೋಡುತ್ತಿದ್ದೆ. ಅಲುಗಾಟ ನಿಂತಿತು. ಅವನೂ ಬಿದ್ದ.

ಆಗ ಅಣ್ಣ ಮಲ್ಲಪ್ಪ ಕಟ್ಟೆ ಹತ್ತಿದ. ಮೂಗು ಸಾರ್ ಹಿಂದಿನಿಂದ ಅವನ ಸೊಂಟ ತಬ್ಬಿಕೊಂಡರು. ಇಬ್ಬರೂ ಕಟ್ಟೆಯಿಂದ ಹಿಂದಕ್ಕೆ, ನೆಲಕ್ಕೆ ಬಿದ್ದರು. "ಬಿಡ್ರೀ ನನ್ನ! ತಮ್ಮ ಅದಾನ್ರಿ ಕೆಳಗ! ಬಿಡೋ ಮುದುಕಾ!" ಅವನು ಅವರ ಮುಂಗೈಯನ್ನು ಕಚ್ಚಿದ. ರಕ್ತ ಬಂತು. ಅವರು ಬಿಡಲಿಲ್ಲ. ಸುತ್ತಲಿನವರು ಅವರ ಕೂದಲು ಹಿಡಿದು ಎಳೆದರು. "ಬಿಡ್ರೀ ಅವನನ್ನ, ತಮ್ಮನ್ನ ಉಳಿಸ್ಕೊಳ್ಳಲಿ!" ಯಾರೋ ಚಪ್ಪಲಿಯಲ್ಲಿ ಅವರ ಬೆನ್ನಿಗೆ ಹೊಡೆದರು. ಹೊಡೆದವರ ಮುಖ ನಾನು ಕಾಣಲಿಲ್ಲ. ಕಂಡಿದ್ದರೆ ಇಲ್ಲಿ ಬರೆಯುತ್ತಿದ್ದೆ. ನಾನು ಅಗ್ನಿಶಾಮಕ ದಳಕ್ಕೆ ಫೋನಿನಲ್ಲಿ ದಾರಿ ಹೇಳುತ್ತಿದ್ದೆ. ಆಗಲೇ ನೂರ್‌ಜಹಾನ್ ಆಪಾ ಜನರನ್ನು ನೂಕಿಕೊಂಡು ಬಂದು, ಮಲ್ಲಪ್ಪನ ಕಾಲುಗಳ ಮೇಲೆ ಕೂತುಬಿಟ್ಟರು. ಬೆಳಿಗ್ಗೆಯೆಲ್ಲ ಮೂಗು ಸಾರ್‌ಗೆ ಬೈದಿದ್ದ ಆಪಾ. "ಬೇಟಾ, ನಕ್ಕೋ, ಬೇಟಾ, ನಕ್ಕೋ" ಎಂದು ಅಳುತ್ತ, ಎದ್ದೇಳದೆ ಕೂತರು. ಸೆಲ್ವಿ ಅಕ್ಕ ಅವನ ತಲೆಯನ್ನು ಮಡಿಲಲ್ಲಿ ಹಿಡಿದುಕೊಂಡರು.

ಮೂಗು ಸಾರ್ ಅವನ ಕಿವಿಯಲ್ಲಿ ಒಂದೇ ಮಾತು ಹೇಳುತ್ತಿದ್ದರು. "ನೀನು ಇಳಿದ್ರೆ ಮೂರಾಗುತ್ತೆ ಕಣೋ. ಮೂರಾಗುತ್ತೆ ಕಣೋ."

ಅಗ್ನಿಶಾಮಕದವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಮುಖಕ್ಕೆ ಮುಸುಕು ಹಾಕಿಕೊಂಡು ಇಳಿದರು. ಎರಡು ಹೆಣಗಳನ್ನು ಹಗ್ಗ ಕಟ್ಟಿ ಎತ್ತಿದರು. ಆಮೇಲೆ ಅವರ ಅಧಿಕಾರಿಯೊಬ್ಬರು ಕೈಯಲ್ಲಿದ್ದ ಸಣ್ಣ ಮೀಟರನ್ನು ತಗ್ಗಿನ ಕೋಣೆಗಳ ಹತ್ತಿರ ಒಯ್ದರು. ಆಪಾ ಅವರ ಹೊಸ್ತಿಲಲ್ಲಿ ಅದು ಕಿರುಚಿತು. ಅಧಿಕಾರಿ ಥಟ್ಟನೆ ಹಿಂದೆ ಸರಿದು, "ಒಳಗೆ ಯಾರಿದ್ದಾರೆ?" ಎಂದು ಕೂಗಿದರು. ಯಾರೂ ಇರಲಿಲ್ಲ. ಎಲ್ಲರೂ ಮೇನ್ ರೋಡಿನಲ್ಲಿ, ಹೊಲಿಗೆ ಯಂತ್ರದ ಸುತ್ತ ಕೂತಿದ್ದರು. ಯಾರೂ ಸಾಯದಿದ್ದುದು ಸುದ್ದಿಯಾಗುವುದಿಲ್ಲ. ಆ ಕೋಣೆಗಳ ಮಾತು ಸಂತಾಪ ಸಭೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಅಗ್ನಿಶಾಮಕದವರು ಸಂಜೆಯವರೆಗೂ ಬ್ಲೋವರ್ ಹಾಕಿ, ಮೀಟರ್ ಸುಮ್ಮನಾದ ಮೇಲೆ ಆ ಸಂಸಾರಗಳನ್ನು ಒಳಗೆ ಬಿಟ್ಟರು. ಬಾವಿಗೆ ಕಾಂಕ್ರೀಟು ಚಪ್ಪಡಿ ಮುಚ್ಚಿದರು. ಗಲ್ಲಿಯಲ್ಲಿ ಮಾತು ತಿರುಗಿತು. ಮೊದಲು "ಪಾಪ, ವಿಧಿ" ಎಂದರು. ಆಮೇಲೆ, "ಇಳಿಯೋಕೆ ಬಿಟ್ಟಿದ್ರೆ ಶರಣಪ್ಪ ಉಳೀತಿದ್ದ" ಎಂದರು. ಒಂದು ಸುಳ್ಳು ಎಲ್ಲರಿಗೂ ಹಗುರವಾಗಿದ್ದರೆ ಅದು ಎಷ್ಟು ಬೇಗ ಗಟ್ಟಿಯಾಗುತ್ತದೆಂದು ನಾನು ನೋಡಿದೆ. ಟೀ ಅಂಗಡಿಯಲ್ಲಿ ಮೂಗು ಸಾರ್ ಬಂದು ನಿಂತರೆ ಬೆಂಚಿನವರು ಎದ್ದು ಹೋಗುತ್ತಿದ್ದರು. ಮಳೆಗಾಲಕ್ಕೆ ಮೊದಲೇ ಅವರು ಮಗಳ ಮನೆಗೆ ಹೋದರು. ಅಲ್ಲಿಂದ ಆಗಾಗ ಬಂದು, ಆಪಾ ಅವರ ಕೋಣೆಯ ಮುಂದೆ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಮುಂಗೈಯಲ್ಲಿ ಹಲ್ಲಿನ ಗುರುತು ಅರ್ಧಚಂದ್ರದ ಹಾಗೆ ಉಳಿದಿತ್ತು. ಪ್ರತಿ ಸಲ ಒಂದೇ ಪ್ರಶ್ನೆ: "ಮಲ್ಲಪ್ಪ ಎಲ್ಲಿದ್ದಾನೆ? ಕೆಲಸ ಸಿಕ್ತಾ?"

ಸಂತಾಪ ಸಭೆ ಮುಗಿದ ಮೇಲೆ ನಾನು ಮಲ್ಲಪ್ಪನನ್ನು ಹುಡುಕಿಕೊಂಡು ಹೋದೆ. ಮಾರತ್ತಹಳ್ಳಿಯಲ್ಲಿ ಕಟ್ಟಡವೊಂದರಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾನೆ. ಮೂಗು ಸಾರ್ ಹೋದರು ಎಂದೆ. ತಂತಿ ಬಿಗಿಯುತ್ತಲೇ ಇದ್ದ. ಅಧ್ಯಕ್ಷರು ಹೇಳಿದ್ದನ್ನೂ ಹೇಳಿದೆ. ಇನ್ನೂ ಸಿಟ್ಟಿದೆಯೇ ಎಂದು ಕೇಳಿದೆ.

"ಅದ ರೀ. ಸಿಟ್ಟು ಹೋಗಿಲ್ರಿ. ಕನಸಿನ್ಯಾಗ ಇವತ್ತಿಗೂ ಬಿಡಿಸ್ಕೊಂಡು ಇಳೀತೀನ್ರಿ." ಇಕ್ಕಳ ಕೆಳಗಿಟ್ಟ. "ಆದ್ರ ಸಿಟ್ಟು ಮಾಡ್ಲಿಕ್ಕ ನಾ ಇದ್ದೀನಲ್ರಿ. ನಮ್ಮವ್ವ ದಿನಾ ಫೋನ್ ಮಾಡ್ತಾಳ. ಎತ್ತಲಿಕ್ಕ ಒಬ್ಬ ಅದಾನಲ್ರಿ."

ಮೊನ್ನೆ ಪಕ್ಕದ ಬೀದಿಯಲ್ಲಿ ಇನ್ನೊಂದು ಹಳೆಯ ಬಾವಿಯೊಳಗೆ ಯಂತ್ರ ಇಳಿಸಿದ್ದಾರೆ. ನಾನು ಹೋಗಿ ನೋಡಿದೆ. ಹಗ್ಗವಿಲ್ಲ, ಮೀಟರಿಲ್ಲ. "ನಾತ ಕಮ್ಮಿ ಆಗಲಿ, ಇಳಿದ್ರಾಯ್ತು" ಎಂದು ಕಟ್ಟೆಯ ಮೇಲೆ ಕೂತ ಒಬ್ಬರು ಹೇಳುತ್ತಿದ್ದರು. ನಾನು ಬಾಯಿ ತೆರೆದೆ. "ಬಂದ್ರಪ್ಪಾ, ಇನ್ನೊಬ್ರು ಮೂಗು ಸಾರ್" ಎಂದು ನಕ್ಕರು. ಅವರು ನಗಲಿ. ಅಗ್ನಿಶಾಮಕ ದಳದ ನಂಬರು ನನ್ನಲ್ಲಿದೆ. ಈ ಸಲ ಯಾರೂ ಇಳಿಯುವ ಮೊದಲೇ ಫೋನ್ ಮಾಡಿ ಕರೆಸಿದೆ. ಬೀದಿಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ನಾನು ಬರೆದದ್ದರಲ್ಲಿ ಅನುಮಾನವಿದ್ದವರು ಕೇಳಬಹುದು. ಅಂದು ಅಲ್ಲಿದ್ದು ಕಂಡವರು ಇನ್ನೂ ಇದ್ದಾರೆ. ನೂರ್‌ಜಹಾನ್ ಆಪಾ ಅದೇ ಕೊನೆಯ ಕೋಣೆಯಲ್ಲಿ, ಅದೇ ಹೊಲಿಗೆ ಯಂತ್ರದ ಮುಂದೆ ಇದ್ದಾರೆ. ಸೆಲ್ವಿ ಅಕ್ಕ ಮೆಟ್ರೋ ನಿಲ್ದಾಣದ ಮೆಟ್ಟಿಲ ಬಳಿ ಹೂ ಮಾರುತ್ತಾರೆ. ಹಗ್ಗ ಹಿಡಿದ ಕೈಯನ್ನು ತಡೆದ ಅಧ್ಯಕ್ಷರಿದ್ದಾರೆ, ಅವರೂ ಕಂಡಿದ್ದಾರೆ. ನಾನಿದ್ದೇನೆ.

ಮಲ್ಲಪ್ಪ ಕಂಡಿದ್ದಾನೆ. ಮಲ್ಲಪ್ಪ ಇದ್ದಾನೆ.